ಮಿಲ್‌ಗಳು ಹೋದವು, ಊರು ಉಳಿಯಿತು: ಲೋವೆಲ್‌ನ 200 ವರ್ಷಗಳ ಕಥೆ

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ಒಂದು ಊರು ಇದೆ ಅಂದ್ಕೊಳ್ಳಿ. ಅಲ್ಲಿ ಹತ್ತು ಮತದಾರರಲ್ಲಿ ಆರು ಜನ ಒಂದು ಸಮುದಾಯದವರು, ನಾಲ್ಕು ಜನ ಇನ್ನೊಂದು ಸಮುದಾಯದವರು. ನಗರಸಭೆಯಲ್ಲಿ ಒಂಬತ್ತು ಸೀಟು. ಈ ನಾಲ್ಕು ಜನರ ಸಮುದಾಯಕ್ಕೆ ಎಷ್ಟು ಸೀಟು ಸಿಗಬಹುದು? ಮೂರೋ ನಾಲ್ಕೋ ಅಂತೀರಿ. ಆದರೆ ಈ ಊರಲ್ಲಿ ವಾರ್ಡ್‌ಗಳೇ ಇಲ್ಲ. ಇಡೀ ಊರೇ ಒಂದು ಕ್ಷೇತ್ರ. ಒಬ್ಬೊಬ್ಬ ಮತದಾರನೂ ಒಂಬತ್ತು ಓಟು ಹಾಕಬಹುದು. ಆರು ಜನರ ಕಡೆಯವರು ಒಂಬತ್ತೂ ಓಟನ್ನು ತಮ್ಮವರಿಗೇ ಹಾಕಿದರೆ ಏನಾಗುತ್ತೆ? ಒಂಬತ್ತಕ್ಕೆ ಒಂಬತ್ತು ಸೀಟೂ ಅವರ ಪಾಲು. ಉಳಿದವರಿಗೆ ಸೊನ್ನೆ. ಯಾರೂ ಕಳ್ಳ ಓಟು ಹಾಕಿಲ್ಲ, ಯಾರನ್ನೂ ಮತಗಟ್ಟೆಯಿಂದ ಓಡಿಸಿಲ್ಲ. ಎಲ್ಲವೂ ಕಾನೂನು ಪ್ರಕಾರವೇ ನಡೆದಿದೆ.

ಅಮೆರಿಕದ ಒಂದು ಊರಲ್ಲಿ ಹೆಚ್ಚೂಕಡಿಮೆ ಇದೇ ಆಯಿತು. ಅದರ ಹೆಸರು ಲೋವೆಲ್. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. 2017ರಲ್ಲಿ ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟು ಜನ ಬಿಳಿಯರಲ್ಲ. ಅವರಲ್ಲಿ ಕಾಂಬೋಡಿಯಾ ಮೂಲದವರು ಮತ್ತು ಲ್ಯಾಟಿನ್ ಅಮೆರಿಕ ಮೂಲದವರೇ ಹೆಚ್ಚು. ಆದರೆ ಆ ವರ್ಷ ಮೇ ತಿಂಗಳಲ್ಲಿ ಸಿಟಿ ಕೌನ್ಸಿಲ್‌ನಲ್ಲಿ ಕೂತಿದ್ದ ಒಂಬತ್ತೂ ಜನ ಬಿಳಿಯರು. ಆಗ ಏಷ್ಯಾ ಮತ್ತು ಲ್ಯಾಟಿನ್ ಮೂಲದ 13 ನಿವಾಸಿಗಳು ಕೋರ್ಟ್ ಮೆಟ್ಟಿಲು ಹತ್ತಿದರು.

ಆ ಕೇಸ್ ಏನಾಯಿತು ಅಂತ ಕೊನೆಗೆ ಹೇಳ್ತೀನಿ. ಯಾಕಂದ್ರೆ ಈ ಜಗಳ 2017ರಲ್ಲಿ ಹುಟ್ಟಿದ್ದಲ್ಲ. ಊರು ಕಟ್ಟುವವರು ಒಬ್ಬರು, ಊರಿನ ಬಗ್ಗೆ ತೀರ್ಮಾನ ಮಾಡುವವರು ಇನ್ನೊಬ್ಬರು ಅನ್ನೋ ಸಮಸ್ಯೆ ಲೋವೆಲ್‌ನ ಜೊತೆಯಲ್ಲೇ ಹುಟ್ಟಿತು. ಸುಮಾರು 200 ವರ್ಷ ಹಿಂದಕ್ಕೆ ಹೋಗೋಣ.

ಮೆರಿಮ್ಯಾಕ್ ಅಂತ ಒಂದು ದೊಡ್ಡ ನದಿ. ಒಂದು ಜಾಗದಲ್ಲಿ ಅದು ಸುಮಾರು 10 ಮೀಟರ್ ಕೆಳಗೆ ಧುಮುಕುತ್ತದೆ. ಇದೇ ಪಾಟಕೆಟ್ ಜಲಪಾತ. ಪೆನ್ನಕುಕ್ ಎಂಬ ಮೂಲನಿವಾಸಿಗಳು ತಲೆತಲಾಂತರದಿಂದ ಇಲ್ಲಿ ಮೀನು ಹಿಡೀತಿದ್ದರು. ಆಮೇಲೆ ಬಂದ ಇಂಗ್ಲಿಷರು ಇಲ್ಲಿ ಹೊಲ ಮಾಡಿಕೊಂಡರು. 1790ರ ದಶಕದಲ್ಲಿ ಮರದ ದಿಮ್ಮಿ ಮತ್ತು ದೋಣಿಗಳು ಜಲಪಾತವನ್ನು ಬಳಸಿಕೊಂಡು ಹೋಗಲಿ ಅಂತ ಒಂದು ಕಾಲುವೆ ತೋಡಿದರು. ಅಲ್ಲಿಯವರೆಗೂ ಇದೊಂದು ಹಳ್ಳಿ ಅಷ್ಟೇ.

ಈಗ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬ ಬಾಸ್ಟನ್ ವ್ಯಾಪಾರಿ ಕಥೆಯೊಳಗೆ ಬರ್ತಾನೆ. 1810ರಲ್ಲಿ ಆತ ಇಂಗ್ಲೆಂಡಿಗೆ ಹೋದ. ಆ ಕಾಲಕ್ಕೆ ಜಗತ್ತಿನಲ್ಲೇ ಮುಂದುವರಿದ ಜವಳಿ ಯಂತ್ರಗಳು ಇದ್ದದ್ದು ಅಲ್ಲಿ. ಯಂತ್ರವಾಗಲಿ ಅದರ ನಕ್ಷೆಯಾಗಲಿ ದೇಶದಿಂದ ಹೊರಗೆ ಹೋಗಕೂಡದು ಅಂತ ಬ್ರಿಟಿಷರು ಕಾನೂನು ಮಾಡಿದ್ದರು. ಲೋವೆಲ್ ಯಾವ ಕಾಗದವನ್ನೂ ಕದಿಯಲಿಲ್ಲ. ಮಿಲ್‌ಗಳನ್ನು ಸುತ್ತಿ ನೋಡಿ, ಯಂತ್ರಮಗ್ಗ ಹೇಗೆ ಓಡುತ್ತೆ ಅನ್ನೋದನ್ನ ತಲೆಯಲ್ಲೇ ಇಟ್ಟುಕೊಂಡು ವಾಪಸ್ ಬಂದ. ಪಾಲ್ ಮೂಡಿ ಎಂಬ ಮೆಕ್ಯಾನಿಕ್ ಜೊತೆ ಸೇರಿ ವಾಲ್ತಮ್ ಎಂಬಲ್ಲಿ ಮಗ್ಗ ನಿಲ್ಲಿಸಿದ. ಹತ್ತಿ ಒಳಗೆ ಹೋಗಿ ಬಟ್ಟೆಯಾಗಿ ಹೊರಗೆ ಬರುವವರೆಗಿನ ಎಲ್ಲ ಕೆಲಸವೂ ಅಲ್ಲಿ ಒಂದೇ ಸೂರಿನಡಿ ನಡೀತಿತ್ತು.

1817ರಲ್ಲಿ, 42ನೇ ವಯಸ್ಸಿಗೆ, ಆತ ತೀರಿಕೊಂಡ. ಅವನ ಪಾಲುದಾರರಿಗೆ ಇನ್ನೂ ದೊಡ್ಡ ಮಿಲ್ ಬೇಕಿತ್ತು, ಇನ್ನೂ ಹೆಚ್ಚು ನೀರಿನ ಬಲ ಬೇಕಿತ್ತು. ಅವರ ಕಣ್ಣಿಗೆ ಬಿದ್ದದ್ದೇ ಈ ಜಲಪಾತ. 1822ರಲ್ಲಿ ಮೆರಿಮ್ಯಾಕ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಶುರುವಾಯಿತು. 1826ರಲ್ಲಿ ಈ ಜಾಗ ಒಂದು ಪಟ್ಟಣವಾದಾಗ ತೀರಿಹೋದ ಗೆಳೆಯನ ಹೆಸರನ್ನೇ ಇಟ್ಟರು. ಅಂದ್ರೆ ಲೋವೆಲ್ ಅನ್ನೋ ಮನುಷ್ಯ ಲೋವೆಲ್ ಅನ್ನೋ ಊರನ್ನು ನೋಡಲೇ ಇಲ್ಲ.

ಕಾಲುವೆ ತೋಡಿದವರು ಯಾರು? 1822ರಲ್ಲಿ ಹ್ಯೂ ಕಮಿಸ್ಕಿ ಎಂಬ ಐರಿಶ್ ಮೇಸ್ತ್ರಿ ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನ್‌ನಿಂದ ಸುಮಾರು 30 ಜನ ಕೂಲಿಗಳನ್ನು ಕರಕೊಂಡು ನಡೆದೇ ಬಂದ. ಅವರೂ, ಅವರ ಹಿಂದೆ ಬಂದ ನೂರಾರು ಐರಿಶ್ ಕೂಲಿಗಳೂ ಸೇರಿ ಕಾಲುವೆಗಳ ಜಾಲವನ್ನು ತೋಡಿದರು. ಕಂಪನಿಯವರು ಮಿಲ್ ಕೆಲಸಗಾರರಿಗೆ ಇಟ್ಟಿಗೆಯ ಮನೆ ಕಟ್ಟಿಸಿದರು. ಈ ಐರಿಶ್ ಕೂಲಿಗಳಿಗೆ ಮಾತ್ರ ಮನೆ ಇರಲಿಲ್ಲ. ಅವರು ಊರ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡರು. ಆ ಜಾಗಕ್ಕೆ ಏಕರ್ ಅಂತ ಹೆಸರು ಬಂತು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಇನ್ನು ಮಗ್ಗ ನಡೆಸುವವರು ಯಾರು? ಕಂಪನಿಯವರು ಸುತ್ತಲಿನ ರೈತರ ಮನೆಗಳಿಂದ ಹುಡುಗಿಯರನ್ನು ಕರೆತಂದರು. ಹದಿನೈದರಿಂದ ಮೂವತ್ತರೊಳಗಿನವರೇ ಜಾಸ್ತಿ. ಕಂಪನಿಯದೇ ಹಾಸ್ಟೆಲ್, ಊಟಕ್ಕೆ ಅಲ್ಲೇ ದುಡ್ಡು ಹಿಡ್ಕೊಳ್ತಾರೆ, ರಾತ್ರಿ ಹತ್ತಕ್ಕೆ ಬಾಗಿಲು ಬಂದ್, ಭಾನುವಾರ ಚರ್ಚಿಗೆ ಹೋಗಲೇಬೇಕು. ದಿನಕ್ಕೆ 12-13 ಗಂಟೆ ಕೆಲಸ. ಏಳೋದು, ಉಣ್ಣೋದು, ಮಲಗೋದು ಎಲ್ಲದಕ್ಕೂ ಗಂಟೆ ಬಾರಿಸ್ತಿದ್ದರು. 1840ರ ಹೊತ್ತಿಗೆ 8 ಸಾವಿರಕ್ಕೂ ಹೆಚ್ಚು ಕಾರ್ಮಿಕರು ಇಲ್ಲಿದ್ದರು, ಬಹುಪಾಲು ಹೆಣ್ಣುಮಕ್ಕಳು.

ಇದರಲ್ಲಿ ಇನ್ನೊಂದು ಮುಖವೂ ಇದೆ. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳ ಕೈಗೆ ನೇರವಾಗಿ ಸಂಬಳ ಬರೋದು ಅಂದರೆ ಸಣ್ಣ ಮಾತಲ್ಲ. ಅವರು ಲೈಬ್ರರಿಗೆ ಹೋದರು, ಉಪನ್ಯಾಸ ಕೇಳಿದರು, 1840ರಿಂದ ತಮ್ಮದೇ ಬರಹಗಳ ಒಂದು ಪತ್ರಿಕೆಯನ್ನೂ ತಂದರು. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಬಂದು ನೋಡಿ ಮೆಚ್ಚಿಕೊಂಡು ಹೋದ. ಜಗತ್ತಿಗೆ ಲೋವೆಲ್ ಒಂದು ಮಾದರಿ ಪಟ್ಟಣವಾಗಿ ಕಂಡಿತು.

ಮಗ್ಗದ ಮುಂದೆ ನಿಂತವರಿಗೆ ಹಾಗೆ ಕಾಣಲಿಲ್ಲ. 1834ರಲ್ಲಿ ಕಂಪನಿಗಳು ಕೂಲಿ ಕಡಿತ ಮಾಡಿದಾಗ ಸುಮಾರು 800 ಹೆಣ್ಣುಮಕ್ಕಳು ಮಗ್ಗ ನಿಲ್ಲಿಸಿ ಬೀದಿಗೆ ಬಂದರು. ಆ ಮುಷ್ಕರ ಕೆಲವೇ ದಿನದಲ್ಲಿ ಮುರಿಯಿತು. 1836ರಲ್ಲಿ ಹಾಸ್ಟೆಲ್ ಖರ್ಚು ಏರಿಸಿದಾಗ ಮತ್ತೆ ಹೊರಬಂದರು. ಈ ಸಲ ಸುಮಾರು 1,500 ಜನ. ಅವರಲ್ಲಿ ಹ್ಯಾರಿಯೆಟ್ ಹ್ಯಾನ್ಸನ್ ಎಂಬ 11 ವರ್ಷದ ಹುಡುಗಿಯೂ ಇದ್ದಳು. ತುಂಬಿದ ಕಂಡಿಕೆ ತೆಗೆದು ಖಾಲಿ ಕಂಡಿಕೆ ಹಾಕೋದು ಅವಳ ಕೆಲಸ. ಅವಳ ಕೋಣೆಯ ದೊಡ್ಡವರು ಹೋಗೋಣವೋ ಬೇಡವೋ ಅಂತ ಅನುಮಾನ ಮಾಡ್ತಾ ನಿಂತಿದ್ದಾಗ ಅವಳು ಮುಂದೆ ನಡೆದಳು. ಹಿಂದೆ ತಿರುಗಿ ನೋಡಿದರೆ ಎಲ್ಲರೂ ಅವಳ ಹಿಂದೆ ಬರ್ತಿದ್ದರು. ಕಂಪನಿಗಳು ಏರಿಕೆಯನ್ನು ವಾಪಸ್ ತಗೊಂಡವು. ಆದರೆ ಹ್ಯಾರಿಯೆಟ್ ಅಮ್ಮ ಕಂಪನಿಯ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ವಿಧವೆ. ಮಗಳನ್ನು ತಡೆಯಲಿಲ್ಲ ಅಂತ ಆಕೆಯ ಕೆಲಸ ಕಿತ್ತುಕೊಂಡರು. ಹ್ಯಾರಿಯೆಟ್ ಮುಂದೆ ಲೇಖಕಿಯಾಗಿ, ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ಹೋರಾಡಿದಳು.

ಈಗ 1845ಕ್ಕೆ ಬನ್ನಿ. ಸಾರಾ ಬ್ಯಾಗ್ಲಿ ಎಂಬ ಮಿಲ್ ಕಾರ್ಮಿಕಳ ನಾಯಕತ್ವದಲ್ಲಿ ಹೆಣ್ಣುಮಕ್ಕಳದ್ದೇ ಒಂದು ಕಾರ್ಮಿಕ ಸಂಘ ಹುಟ್ಟಿತ್ತು. ಬೇಡಿಕೆ ಒಂದೇ, ದಿನಕ್ಕೆ ಹತ್ತು ಗಂಟೆ ಕೆಲಸ. ಮನವಿ ಬರೆದು, ಸಾವಿರಾರು ಸಹಿ ಹಾಕಿಸಿ ರಾಜ್ಯದ ಶಾಸನಸಭೆಗೆ ಕಳಿಸಿದರು. ಒಂದು ಸಮಿತಿ ವಿಚಾರಣೆ ನಡೆಸಿತು. ಹೆಣ್ಣುಮಕ್ಕಳು ಬಾಸ್ಟನ್‌ಗೆ ಹೋಗಿ ಸಾಕ್ಷಿ ಹೇಳಿದರು. ಕಿಟಕಿ ತೆಗೆಯದ ಕೋಣೆ, ಹತ್ತಿಯ ದೂಳು, ದೀಪದ ಹೊಗೆ, ಊಟಕ್ಕೆ ಅರ್ಧ ಗಂಟೆ, ಎಲ್ಲವನ್ನೂ ಹೇಳಿದರು. ಸಮಿತಿಯ ಅಧ್ಯಕ್ಷ ವಿಲಿಯಂ ಸ್ಕೂಲರ್. ಆತ ಲೋವೆಲ್‌ನ ಶಾಸಕ, ಪತ್ರಿಕೆಯೊಂದರ ಸಂಪಾದಕ ಕೂಡ. ಇದರಲ್ಲಿ ಸರ್ಕಾರ ಕೈ ಹಾಕಬೇಕಿಲ್ಲ ಅಂತ ಸಮಿತಿ ವರದಿ ಕೊಟ್ಟಿತು.

ಹೆಣ್ಣುಮಕ್ಕಳಿಗೆ ಆಗ ಓಟಿನ ಹಕ್ಕು ಇರಲಿಲ್ಲ. ಆದರೂ ಸ್ಕೂಲರ್‌ನನ್ನು ಸೋಲಿಸ್ತೀವಿ ಅಂತ ಸಂಘದವರು ಬಹಿರಂಗವಾಗಿ ನಿರ್ಣಯ ಮಾಡಿದರು. ಅದೇ ವರ್ಷದ ಚುನಾವಣೆಯಲ್ಲಿ ಆತ ಸೋತ. ಹತ್ತು ಗಂಟೆಯ ಕಾನೂನು ಬರೋಕೆ ಮಾತ್ರ 1874ರವರೆಗೆ ಕಾಯಬೇಕಾಯಿತು. ಹತ್ತಿರ ಹತ್ತಿರ ಮೂವತ್ತು ವರ್ಷ.

ಇಲ್ಲಿ ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಇಷ್ಟೊಂದು ಹತ್ತಿ ಎಲ್ಲಿಂದ ಬರ್ತಿತ್ತು? ಅಮೆರಿಕದ ದಕ್ಷಿಣ ರಾಜ್ಯಗಳಿಂದ. ಅದನ್ನು ಬೆಳೆದು ಬಿಡಿಸ್ತಿದ್ದವರು ಗುಲಾಮರಾಗಿದ್ದ ಕಪ್ಪು ಜನರು. ಇಲ್ಲಿ ನೇಯ್ದ ಒರಟು ಬಟ್ಟೆಯಲ್ಲಿ ಒಂದು ಭಾಗ ಮತ್ತೆ ಅದೇ ದಕ್ಷಿಣಕ್ಕೆ ಹೋಗ್ತಿತ್ತು, ಗುಲಾಮರಿಗೆ ಉಡಿಸೋದಕ್ಕೆ. ಆ ಬಟ್ಟೆಗೆ ಅಲ್ಲಿ ಲೋವೆಲ್ ಅಂತಲೇ ಹೆಸರು. ಮಾದರಿ ಪಟ್ಟಣದ ಲಾಭದಲ್ಲಿ ಆ ಜನರ ದುಡಿಮೆಯೂ ಸೇರಿತ್ತು. ಊರಿನ ಹೆಸರಿನ ಬಟ್ಟೆ ಅವರ ಮೈಮೇಲಿತ್ತು, ಆದರೆ ಮನವಿಗೆ ಸಹಿ ಹಾಕುವ ಅವಕಾಶವೂ ಅವರಿಗಿರಲಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಹತ್ತಿ ನಿಂತುಹೋಯಿತು. ಲೋವೆಲ್‌ನ ಮಿಲ್ ಮಾಲೀಕರು ಗೋದಾಮಿನಲ್ಲಿದ್ದ ಹತ್ತಿಯನ್ನು ಏರಿದ ಬೆಲೆಗೆ ಮಾರಿ, ಸಾವಿರಾರು ಕೆಲಸಗಾರರನ್ನು ಮನೆಗೆ ಕಳಿಸಿದರು. ಈ ಯುದ್ಧದ ಬಿಸಿ ನಮ್ಮ ಧಾರವಾಡ ಸೀಮೆಗೂ ತಾಗಿತ್ತು ಗೊತ್ತಾ? ಅಮೆರಿಕದ ಹತ್ತಿಯ ತಳಿಯನ್ನು ಬ್ರಿಟಿಷರು 1840ರ ದಶಕದಿಂದ ಅಲ್ಲಿ ಬೆಳೆಸ್ತಿದ್ದರು. ಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿನ ಮಿಲ್‌ಗಳಿಗೆ ಹತ್ತಿ ಸಿಗದೇ ಹೋದಾಗ ಈ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಆ ಬೆಲೆ ಬಿತ್ತು.

ಯುದ್ಧದ ನಂತರ ಲೋವೆಲ್‌ನ ಮಿಲ್‌ಗಳು ಮತ್ತೆ ಓಡಿದವು, ಆದರೆ ಕೆಲಸಗಾರರು ಬದಲಾದರು. ಐರಿಶರ ನಂತರ ಕೆನಡಾದಿಂದ ಫ್ರೆಂಚ್ ಮಾತಾಡುವವರು ಬಂದರು. ಅವರ ಕೇರಿಗೆ ಲಿಟಲ್ ಕೆನಡಾ ಅಂತ ಹೆಸರು. ಆಮೇಲೆ ಗ್ರೀಕರು ಬಂದು ಏಕರ್‌ನಲ್ಲೇ ನೆಲೆಸಿದರು. ಹಾಗೆಯೇ ಪೋಲೆಂಡಿನವರು, ಪೋರ್ಚುಗೀಸರು. ಒಂದೊಂದು ಗುಂಪು ಬಂದಾಗಲೂ ಮೊದಲೇ ಬಂದವರು ಮೂಗು ಮುರಿದರು. 1903ರ ಮುಷ್ಕರ ಸೋತಿತು. 1912ರಲ್ಲಿ ಇವರೆಲ್ಲ ಒಟ್ಟಿಗೆ ನಿಂತಾಗ ಕೂಲಿ ಏರಿತು.

1920ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 1,12,759. ಅಲ್ಲಿಂದ ಇಳಿಮುಖ ಶುರು. ಮಿಲ್ ಮಾಲೀಕರು ಹೊಸ ಯಂತ್ರಗಳಿಗೆ ದುಡ್ಡು ಹಾಕಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕೂಲಿ ಕಡಿಮೆ, ಕಾರ್ಮಿಕ ಸಂಘಗಳ ಕಾಟ ಇಲ್ಲ, ಹತ್ತಿಯೂ ಹತ್ತಿರ. ಒಂದೊಂದೇ ಮಿಲ್ ಅತ್ತ ಹೋಯಿತು ಅಥವಾ ಬಾಗಿಲು ಹಾಕಿತು. 1950ರ ದಶಕದ ನಡುವೆ ಬೂಟ್ ಮಿಲ್ ಮುಚ್ಚಿತು. ಊರಿಗೆ ಮೊದಲು ಬಂದಿದ್ದ ಮೆರಿಮ್ಯಾಕ್ ಕಂಪನಿ 1958ರಲ್ಲಿ ಮುಚ್ಚಿತು.

ದಾವಣಗೆರೆಯವರಿಗೆ ಈ ಭಾಗ ಬಿಡಿಸಿ ಹೇಳಬೇಕಾಗಿಲ್ಲ. ಮಿಲ್ ಮುಚ್ಚಿದರೆ ಸಂಬಳದ ಜೊತೆ ಮಿಲ್ ಮುಂದಿನ ಅಂಗಡಿ, ಹೋಟೆಲ್, ಶಿಫ್ಟ್ ಹೊತ್ತಿಗೆ ತುಂಬುವ ರಸ್ತೆ ಎಲ್ಲವೂ ಹೋಗುತ್ತೆ. ಉಳಿಯೋದು ದೊಡ್ಡ ಖಾಲಿ ಕಟ್ಟಡ.

ಆ ಕಟ್ಟಡಗಳನ್ನು ಏನು ಮಾಡೋದು? 1960ರ ದಶಕದಲ್ಲಿ ಲೋವೆಲ್ ಕೊಟ್ಟ ಉತ್ತರ, ಕೆಡವಿಬಿಡೋಣ. ನಗರ ನವೀಕರಣದ ಹೆಸರಲ್ಲಿ ಕೇಂದ್ರ ಸರ್ಕಾರದ ದುಡ್ಡು ಬಂತು. ಲಿಟಲ್ ಕೆನಡಾ ಪೂರ್ತಿ ನೆಲಸಮವಾಯಿತು. ಮೆರಿಮ್ಯಾಕ್ ಕಂಪನಿಯ ಮಿಲ್‌ಗಳೂ ಹೋದವು, ಹೆಣ್ಣುಮಕ್ಕಳು ಇರುತ್ತಿದ್ದ ಹಳೇ ಹಾಸ್ಟೆಲ್ ಸಾಲೂ ಹೋಯಿತು. ಆ ಕೇರಿಯಲ್ಲಿ ವಾಸ ಇದ್ದವರ ಮಾತು ಲೆಕ್ಕಕ್ಕೆ ಬರಲಿಲ್ಲ.

ಆಗ ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣಾಧಿಕಾರಿ ಬೇರೆಯದೇ ವಾದ ಮಂಡಿಸಿದರು. ಊರಿನ ಮಕ್ಕಳಿಗೆ ಈ ಕಟ್ಟಡ ನೋಡಿದರೆ ಸೋಲು ಕಾಣುತ್ತೆ, ಯಾಕಂದ್ರೆ ಅವರ ಅಜ್ಜ ಅಜ್ಜಿಯರ ಕಥೆ ಅವರಿಗೆ ಯಾರೂ ಹೇಳಿಲ್ಲ. ಹಾಗಾಗಿ ಕಾಲುವೆ, ಮಿಲ್, ಕೇರಿ, ಎಲ್ಲ ಸೇರಿ ಇಡೀ ಊರನ್ನೇ ಒಂದು ಶಾಲೆ ಮಾಡೋಣ ಅನ್ನೋದು ಅವರ ಯೋಚನೆ. ಬಹಳ ಜನ ನಕ್ಕರು. ಖಾಲಿ ಮಿಲ್ ನೋಡೋಕೆ ಯಾರು ಬರ್ತಾರೆ?

ಆದರೂ ಆ ಯೋಚನೆಯನ್ನು ವರ್ಷಗಟ್ಟಲೆ ಹಿಡಿದು ನಿಂತವರು ಇದ್ದರು. ಅದೇ ಊರಲ್ಲಿ ಗ್ರೀಕ್ ಮೂಲದ ಮನೆಯಲ್ಲಿ ಹುಟ್ಟಿದ ಪಾಲ್ ಸಾಂಗಸ್ ಮೊದಲು ಸಿಟಿ ಕೌನ್ಸಿಲರ್ ಆಗಿ, ಆಮೇಲೆ ಅಮೆರಿಕದ ಸಂಸತ್ತಿಗೆ ಹೋಗಿ ಇದನ್ನು ಮುಂದಕ್ಕೆ ತಂದರು. 1978ರ ಜೂನ್ 5ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದರು. ಲೋವೆಲ್ ರಾಷ್ಟ್ರೀಯ ಚಾರಿತ್ರಿಕ ಉದ್ಯಾನವಾಯಿತು. ಉದ್ಯಾನ ಅಂದ್ರೆ ಹೂದೋಟ ಅಲ್ಲ, ಜನ ಬದುಕುತ್ತಿರುವ ಊರಿನ ಮಧ್ಯದ ಮಿಲ್‌ಗಳು ಮತ್ತು ಕಾಲುವೆಗಳು. ಇವತ್ತು ಬೂಟ್ ಮಿಲ್ ಮ್ಯೂಸಿಯಂನ ಒಂದು ಮಹಡಿಯಲ್ಲಿ ಹಳೇ ಮಗ್ಗಗಳನ್ನು ಓಡಿಸಿ ತೋರಿಸ್ತಾರೆ. ಒಳಗೆ ಹೋಗೋರಿಗೆ ಕಿವಿಗೆ ಇಟ್ಟುಕೊಳ್ಳೋಕೆ ಇಯರ್‌ಪ್ಲಗ್ ಕೊಡ್ತಾರೆ, ಅಷ್ಟು ಸದ್ದು. ಹಳೇ ಮಿಲ್ ಕಟ್ಟಡಗಳಲ್ಲಿ ಈಗ ಮನೆಗಳು, ಆಫೀಸುಗಳು ಇವೆ.

ಹಾಗಂತ ಎಲ್ಲ ಸರಿಹೋಯಿತು ಅಂದ್ಕೋಬೇಡಿ. 1970ರ ದಶಕದಲ್ಲಿ ವಾಂಗ್ ಎಂಬ ಕಂಪ್ಯೂಟರ್ ಕಂಪನಿ ಬಂದು ಇಲ್ಲಿ ಮುಖ್ಯ ಕಚೇರಿ ತೆರೆಯಿತು. ಊರಿಗೆ ಮತ್ತೆ ಜೀವ ಬಂತು. 1992ರಲ್ಲಿ ಆ ಕಂಪನಿ ದಿವಾಳಿ. ಸುಮಾರು 6 ಕೋಟಿ ಡಾಲರ್ ಸುರಿದು ಕಟ್ಟಿದ್ದ ಅದರ ಟವರ್‌ಗಳು 1994ರ ಹರಾಜಿನಲ್ಲಿ ಹೋಗಿದ್ದು ಬರೀ 5,25,000 ಡಾಲರ್‌ಗೆ. ಒಂದೇ ಉದ್ಯಮವನ್ನು ನಂಬಿದ ಊರಿಗೆ ಅದೇ ಪಾಠ ಎರಡನೇ ಸಲ.

ಇದೇ ಹೊತ್ತಿಗೆ ಹೊಸ ಜನ ಬರ್ತಿದ್ದರು. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಖಮೇರ್ ರೂಜ್ ಆಡಳಿತ 15 ಲಕ್ಷಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾಯಿತು. ಬದುಕಿ ಉಳಿದವರಲ್ಲಿ ಸಾವಿರಾರು ಜನ ನಿರಾಶ್ರಿತರಾಗಿ 1980ರ ದಶಕದಲ್ಲಿ ಲೋವೆಲ್‌ಗೆ ಬಂದರು. ಇವತ್ತು ಅಮೆರಿಕದಲ್ಲಿ ಕಾಂಬೋಡಿಯಾ ಮೂಲದವರು ಅತಿ ಹೆಚ್ಚು ಇರುವ ಊರುಗಳಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಿಟ್ಟರೆ ಲೋವೆಲ್‌ಗೇ ಎರಡನೇ ಸ್ಥಾನ. ಬಂದವರಲ್ಲಿ ಬಹಳ ಜನ ಮನೆ ಹಿಡಿದದ್ದು ಎಲ್ಲಿ ಅಂತೀರಾ? ಅದೇ ಏಕರ್‌ನಲ್ಲಿ. 1997ರಿಂದ ಅವರು ಮೆರಿಮ್ಯಾಕ್ ನದಿಯಲ್ಲೇ ತಮ್ಮ ಜಲೋತ್ಸವ, ದೋಣಿ ಸ್ಪರ್ಧೆ ಶುರು ಮಾಡಿದರು.

ಅಂಗಡಿ ಇಟ್ಟರು, ತೆರಿಗೆ ಕಟ್ಟಿದರು. ಆದರೆ ಕೌನ್ಸಿಲ್‌ನಲ್ಲಿ? 1999ರಲ್ಲಿ ರಿಥಿ ಉಂಗ್ ಗೆದ್ದು, ಅಮೆರಿಕದ ಯಾವುದೇ ನಗರದಲ್ಲಿ ಕೌನ್ಸಿಲರ್ ಆದ ಮೊದಲ ಕಾಂಬೋಡಿಯಾ ಮೂಲದವರಾದರು. ಅದಾದ ಮೇಲೆ ಆಗೊಮ್ಮೆ ಈಗೊಮ್ಮೆ ಒಬ್ಬರು. ಯಾಕೆ ಹೀಗೆ ಅನ್ನೋದಕ್ಕೆ ನಾವು ಶುರುವಿನಲ್ಲಿ ಮಾಡಿದ ಲೆಕ್ಕವೇ ಉತ್ತರ. ಇಡೀ ಊರೇ ಒಂದು ಕ್ಷೇತ್ರ, ಒಂಬತ್ತು ಸೀಟು.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಇದೇ ಲೋವೆಲ್‌ನಲ್ಲಿ 1943ರಿಂದ 1957ರವರೆಗೆ ಬೇರೆ ಪದ್ಧತಿ ಇತ್ತು. ಮತದಾರರು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಅಂತ ಆದ್ಯತೆ ಬರೀತಿದ್ದರು. ನಮ್ಮಲ್ಲಿ ರಾಜ್ಯಸಭೆ ಚುನಾವಣೆಯಲ್ಲಿ ಶಾಸಕರು ಬರೀತಾರಲ್ಲ, ಅದೇ ತರಹ. ಆ ಪದ್ಧತಿಯಲ್ಲಿ ಒಂದು ಮಟ್ಟದ ಬೆಂಬಲ ಇರುವ ಯಾವ ಗುಂಪಿಗಾದರೂ ಅದರ ಪಾಲಿನ ಸೀಟು ಸಿಗುತ್ತೆ. 1957ರಲ್ಲಿ ಅದನ್ನು ಕೈಬಿಟ್ಟರು. ಹೆಚ್ಚು ಓಟು ಬಂದ ಒಂಬತ್ತು ಜನ ಗೆಲ್ಲುವ ಪದ್ಧತಿ ಬಂತು.

ಈಗ ಕೇಸ್‌ಗೆ ಬರೋಣ. ಈ ಚುನಾವಣಾ ಪದ್ಧತಿ ನಮ್ಮ ಓಟಿಗೆ ಬೆಲೆ ಇಲ್ಲದ ಹಾಗೆ ಮಾಡುತ್ತೆ, ಇದು ಮತದಾನ ಹಕ್ಕಿನ ಕಾಯ್ದೆಯ ಉಲ್ಲಂಘನೆ ಅನ್ನೋದು ಆ 13 ಜನರ ವಾದ. ಕೇಸ್ ಕೊನೆಯವರೆಗೆ ನಡೆಯಲಿಲ್ಲ. 2019ರಲ್ಲಿ ನಗರಾಡಳಿತ ರಾಜಿಗೆ ಒಪ್ಪಿ, ಪದ್ಧತಿ ಬದಲಿಸ್ತೀವಿ ಅಂತ ಕೋರ್ಟಿನ ಮುಂದೆ ಬರೆದುಕೊಟ್ಟಿತು. ಆ ವರ್ಷದ ಚುನಾವಣೆಯಲ್ಲಿ ಊರಿನ ಜನರ ಅಭಿಪ್ರಾಯವನ್ನೂ ಕೇಳಿದರು. ಆಯ್ಕೆಯಾಗಿದ್ದು ಮಿಶ್ರ ಪದ್ಧತಿ. ಎಂಟು ವಾರ್ಡ್‌ಗಳಿಂದ ಎಂಟು ಜನ, ಇಡೀ ಊರಿನಿಂದ ಮೂರು ಜನ, ಒಟ್ಟು 11.

2021ರ ನವೆಂಬರ್‌ನಲ್ಲಿ ಈ ಪದ್ಧತಿಯ ಮೊದಲ ಚುನಾವಣೆ. ಕಾಂಬೋಡಿಯಾ ಮೂಲದ ಮೂವರು ಗೆದ್ದರು. ಲೋವೆಲ್‌ನಲ್ಲಿ ಮೇಯರ್‌ನನ್ನು ಕೌನ್ಸಿಲರ್‌ಗಳೇ ತಮ್ಮಲ್ಲಿ ಒಬ್ಬರನ್ನು ಆರಿಸ್ತಾರೆ. 2022ರ ಜನವರಿ 3ರಂದು ಆ ಕುರ್ಚಿಯಲ್ಲಿ ಕೂತವರು ಸೊಖಾರಿ ಚಾವ್. ಅವರ ತಂದೆಯನ್ನು ಖಮೇರ್ ರೂಜ್ ಕೊಂದಿತ್ತು. ತಾಯಿ ಮಕ್ಕಳನ್ನು ಕರಕೊಂಡು ತಪ್ಪಿಸಿಕೊಂಡು ಬಂದಿದ್ದರು. ಆ ದಿನ ಅವರು ಅಮೆರಿಕದ ಮೊದಲ ಕಾಂಬೋಡಿಯಾ ಮೂಲದ ಮೇಯರ್ ಆದರು.

ಇನ್ನೊಂದು ಅಂಕಿ ಹೇಳ್ತೀನಿ. 2020ರ ಜನಗಣತಿಯಲ್ಲಿ ಲೋವೆಲ್ ಜನಸಂಖ್ಯೆ 1,15,554. ಮಿಲ್‌ಗಳು ತುಂಬಿ ಓಡುತ್ತಿದ್ದ 1920ಕ್ಕಿಂತ ಜಾಸ್ತಿ. ಮಿಲ್ ಇಲ್ಲದೆಯೂ ಊರು ತುಂಬಿದೆ. ಕಟ್ಟಡ ಉಳಿಸಿದ್ದರಿಂದ ಮಾತ್ರ ಹೀಗಾಯಿತು ಅನ್ನೋಕಾಗಲ್ಲ. ಹೊರಗಿನಿಂದ ಬಂದವರು ಅಲ್ಲಿ ಬಾಳಿದರು, ಮೊದಲೇ ಬಂದವರ ಜೊತೆ ಜಗಳಾಡಿದರು, ತಮ್ಮ ಪಾಲು ಕೇಳಿದರು. ಅದರಿಂದಲೂ ಊರು ಉಳಿಯಿತು. 1845ರಲ್ಲಿ ಓಟಿಲ್ಲದ ಹೆಣ್ಣುಮಕ್ಕಳು ಸಹಿ ಹಾಕಿ ಕೇಳಿದ್ದೂ, 2017ರಲ್ಲಿ ಓಟಿದ್ದೂ ಸೀಟಿಲ್ಲದ 13 ಜನ ಕೋರ್ಟಿನಲ್ಲಿ ಕೇಳಿದ್ದೂ ಒಂದೇ ಪ್ರಶ್ನೆ. ದುಡಿಯೋಕೆ ನಾವು ಬೇಕು, ಹಾಗಾದ್ರೆ ತೀರ್ಮಾನ ಮಾಡುವಾಗ ನಾವು ಯಾಕೆ ಬೇಡ?

ನಿಮ್ಮ ಊರಲ್ಲೂ ಮುಚ್ಚಿದ ಮಿಲ್ ಇರಬಹುದು, ಫ್ಯಾಕ್ಟರಿ ಇರಬಹುದು. ಅಲ್ಲಿ ಕೆಲಸ ಮಾಡಿದ ಅಜ್ಜನೋ ಅಜ್ಜಿಯೋ ಮನೆಯಲ್ಲಿದ್ದರೆ ಈ ವಾರ ಅವರ ಹತ್ತಿರ ಸ್ವಲ್ಪ ಹೊತ್ತು ಕೂತು ಆ ಕಥೆ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಹಾಗೇ ನಿಮ್ಮ ವಾರ್ಡ್ ಯಾವುದು, ಅದರ ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದನ್ನೂ ಒಮ್ಮೆ ನೋಡಿ.